ಬಾಗಿಲು ಹಾಕಿದರೂ ಕಾರಿನ ಒಳದೀಪ ಆರುತ್ತಿಲ್ಲ: ಎಲ್ಲಿಂದ ಹುಡುಕಬೇಕು?

ಪ್ರಶ್ನೆ (ಸಂಡೂರಿನಿಂದ):
ನಮ್ಮದು 11 ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರು. ಅದಿರು ಲಾರಿಗಳು ಓಡಾಡುವ ರಸ್ತೆಯಲ್ಲೇ ತೋರಣಗಲ್ಲಿಗೆ ಕೆಲಸಕ್ಕೆ ಹೋಗಿ ಬರುತ್ತೇನೆ. ಇತ್ತೀಚೆಗೆ ನಾಲ್ಕೂ ಬಾಗಿಲು ಹಾಕಿ ಲಾಕ್ ಮಾಡಿದ ಮೇಲೂ ಚಾವಣಿಯ ದೀಪ ಉರಿಯುತ್ತಲೇ ಇರುತ್ತದೆ. ದೀಪದ ಸ್ವಿಚ್ಚನ್ನು ‘ಆಫ್’ಗೆ ಸರಿಸಿದರೆ ಆರುತ್ತದೆ, ‘ಡೋರ್’ಗೆ ತಂದ ಕೂಡಲೇ ಮತ್ತೆ ಹತ್ತಿಕೊಳ್ಳುತ್ತದೆ. ರಸ್ತೆಯ ಗುಂಡಿಗಳಲ್ಲಿ ಗಾಡಿ ಕುಲುಕಿದಾಗ ಬಾಗಿಲು ತೆರೆದಿದೆ ಎಂಬ ಕೆಂಪು ಗುರುತು ಮೀಟರಿನಲ್ಲಿ ಒಮ್ಮೆ ಮಾಯವಾಗಿ ಮತ್ತೆ ಕಾಣಿಸಿಕೊಳ್ಳುತ್ತದೆ. ಗ್ಯಾರೇಜಿನವರು ವೈರಿಂಗ್ ಪೂರ್ತಿ ಬಿಚ್ಚಬೇಕು ಎನ್ನುತ್ತಿದ್ದಾರೆ. ಅದಕ್ಕೂ ಮೊದಲು ಮನೆಯಲ್ಲೇ ಪರೀಕ್ಷಿಸಬಹುದಾದದ್ದು ಏನಾದರೂ ಇದೆಯೇ? ಫ್ಯೂಸ್ ಕಿತ್ತಿಟ್ಟರೆ ಬ್ಯಾಟರಿ ಉಳಿಯುತ್ತದೆಯೇ?

ಉತ್ತರ (ಬಳ್ಳಾರಿಯಿಂದ):
‘ಆಫ್’ನಲ್ಲಿ ಆರುತ್ತದೆ ಎಂದ ಮೇಲೆ ದೀಪದ ತಪ್ಪೇನೂ ಇಲ್ಲ ಸರ್. ಯಾವುದೋ ಒಂದು ಬಾಗಿಲು ಮುಚ್ಚಿದ್ದರೂ ಅದರ ಸ್ವಿಚ್ಚು ಮಾತ್ರ ತೆರೆದಿದೆ ಎಂದೇ ತಿಳಿಸುತ್ತಿದೆ. ವೈರಿಂಗ್ ಬಿಚ್ಚುವುದು ಕೊನೆಯ ಕೆಲಸ, ಮೊದಲಿನದಲ್ಲ.

ಹಳೆಯ ಕಾರುಗಳಲ್ಲಿ ಬಾಗಿಲ ಚೌಕಟ್ಟಿನ ಕಂಬದಲ್ಲಿ ರಬ್ಬರ್ ಟೋಪಿ ಹಾಕಿದ ಒತ್ತುಗುಂಡಿಯೊಂದು ಇರುತ್ತದೆ. ಬಾಗಿಲು ತೆರೆದಾಗ ಅದು ಹೊರಗೆ ಬಂದು ದೀಪದ ತಂತಿಗೆ ಬಾಡಿಯ ಅರ್ತ್ ಕೊಡುತ್ತದೆ. ನಿಮ್ಮ ಕಾರಿನಲ್ಲಿಯೂ ಹಾಗೆಯೇ ಇದ್ದರೆ ಒಂದೊಂದನ್ನೇ ಹೆಬ್ಬೆರಳಿನಿಂದ ಒತ್ತಿ ಬಿಟ್ಟು ನೋಡಿ. ಸಿಕ್ಕಿಕೊಂಡಿರುವ ಗುಂಡಿ ಕೈಗೇ ತಿಳಿಯುತ್ತದೆ. ಗುಂಡಿ ಕಾಣಿಸದಿದ್ದರೆ ಸ್ವಿಚ್ಚು ಬಾಗಿಲ ಲಾಕಿನೊಳಗೇ ಇದೆ ಎಂದರ್ಥ. ಆಗ ಬಾಗಿಲನ್ನು ತೆರೆದಿಟ್ಟುಕೊಂಡು, ಅದರ ಅಂಚಿನಲ್ಲಿರುವ ಲಾಕಿನ ಕೊಕ್ಕೆಯನ್ನು ಸ್ಕ್ರೂಡ್ರೈವರಿನಿಂದ ‘ಟಕ್ ಟಕ್’ ಎಂದು ಎರಡು ಸಲ ಕೇಳಿಸುವವರೆಗೆ ತಿರುಗಿಸಿ. ಉಳಿದ ಬಾಗಿಲುಗಳು ಮುಚ್ಚಿದ್ದು, ಈ ಕೊಕ್ಕೆಯೂ ಕೂತಾಗ ದೀಪ ಆರಿದರೆ ಈ ಲಾಕಿನ ಸ್ವಿಚ್ಚು ಸರಿಯಿದೆ, ಬಾಗಿಲು ಪೂರ್ತಿ ಕೂರುತ್ತಿಲ್ಲ ಅಷ್ಟೆ. ಆರದಿದ್ದರೆ ಮುಂದಿನ ಬಾಗಿಲಿಗೆ ಹೋಗಿ. ಪರೀಕ್ಷೆಯ ನಂತರ ಹಿಡಿಕೆ ಎಳೆದು ಕೊಕ್ಕೆಯನ್ನು ಬಿಡಿಸಿಯೇ ಬಾಗಿಲು ಹಾಕಬೇಕು. ಮರೆತು ಜೋರಾಗಿ ಹಾಕಿದರೆ ಲಾಕೇ ಮುರಿಯುತ್ತದೆ.

ನಮ್ಮ ಕಡೆಯ ಕೆಂಪು ಧೂಳು ಗ್ರೀಸಿನೊಂದಿಗೆ ಬೆರೆತು ಲಾಕಿನೊಳಗೆ ಕೆಸರಿನಂತೆ ಕಟ್ಟಿಕೊಳ್ಳುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅದನ್ನು ತೆಗೆದು, ಎಲೆಕ್ಟ್ರಿಕ್ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿದ ಮೇಲೆ ಬಿಳಿ ಲಿಥಿಯಂ ಗ್ರೀಸನ್ನು ತೆಳುವಾಗಿ ಹಚ್ಚಿ. ಎಂಜಿನ್ ಆಯಿಲ್ ಮಾತ್ರ ಬೇಡ, ಅದಕ್ಕೆ ಧೂಳು ಇನ್ನಷ್ಟು ಅಂಟುತ್ತದೆ.

ಉತ್ತರ (ರಾಯಚೂರಿನಿಂದ):
ಹ್ಯಾಚ್‌ಬ್ಯಾಕಿಗೆ ಬಾಗಿಲು ನಾಲ್ಕಲ್ಲ, ಐದು. ಗಾಡಿ ಕುಲುಕಿದಾಗ ಗುರುತು ಬಂದು ಹೋಗುತ್ತದೆ ಎಂದು ನೀವು ಬರೆದಿರುವುದರಿಂದ ನಾನಾದರೆ ಡಿಕ್ಕಿಯಿಂದಲೇ ಆರಂಭಿಸುತ್ತಿದ್ದೆ. ಅಂಗಡಿಯಲ್ಲಿ ಹಾಕಿಸಿದ ಸೆಂಟ್ರಲ್ ಲಾಕ್ ಅಥವಾ ಅಲಾರಂ ಇದ್ದರೆ ಅದನ್ನೂ ನೋಡಿಸಿ. ಅವುಗಳ ತಂತಿಯನ್ನು ಬಾಗಿಲ ಸ್ವಿಚ್ಚಿನ ತಂತಿಗೇ ಸುತ್ತಿ ಟೇಪ್ ಹಾಕಿರುತ್ತಾರೆ, ಬೇಸಿಗೆಯ ಬಿಸಿಲಿಗೆ ಆ ಟೇಪಿನ ಅಂಟು ಬಿಡುತ್ತದೆ.

ಉತ್ತರ (ಗಂಗಾವತಿಯಿಂದ):
ಫ್ಯೂಸಿನ ಬಗ್ಗೆ ಯಾರೂ ಹೇಳಲಿಲ್ಲ. ದಯವಿಟ್ಟು ಕೀಳಬೇಡಿ. ಅನೇಕ ಕಾರುಗಳಲ್ಲಿ ಒಳದೀಪದ ಫ್ಯೂಸಿಗೇ ಗಡಿಯಾರ ಮತ್ತು ಸ್ಟೀರಿಯೋದ ನೆನಪು ಸೇರಿಕೊಂಡಿರುತ್ತವೆ. ಸದ್ಯಕ್ಕೆ ಸ್ವಿಚ್ಚನ್ನು ‘ಆಫ್’ನಲ್ಲಿಟ್ಟರೆ ಸಾಕು. ಆದರೆ ಅದನ್ನೇ ಪರಿಹಾರವೆಂದು ಬಿಡಬಾರದು: ಬಾಗಿಲು ತೆರೆದಿದೆ ಎಂದು ತಿಳಿದಿರುವವರೆಗೆ ಕೆಲವು ಕಾರುಗಳ ಕಂಟ್ರೋಲ್ ಯೂನಿಟ್ ವಿಶ್ರಾಂತಿಗೆ ಹೋಗದೆ ಸ್ವಲ್ಪ ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತದೆ.

ಲೆಕ್ಕ ನೋಡಿ. 10 ವ್ಯಾಟ್ ಬಲ್ಬು 12 ವೋಲ್ಟಿನಲ್ಲಿ ಸುಮಾರು 0.8 ಆಂಪಿಯರ್ ಎಳೆಯುತ್ತದೆ. 35 ಆಂಪಿಯರ್-ಅವರ್ ಬ್ಯಾಟರಿ ಹೊಸದಿದ್ದರೂ 20 ಗಂಟೆಯ ಆಸುಪಾಸಿನಲ್ಲಿ ಅರ್ಧಕ್ಕೆ ಇಳಿಯುತ್ತದೆ. ಹಳೆಯದಾಗಿದ್ದರೆ ಒಂದೇ ರಾತ್ರಿಗೆ ಸ್ಟಾರ್ಟ್ ಆಗದೆ ನಿಲ್ಲಬಹುದು. ಎಲ್‌ಇಡಿ ಬಲ್ಬು ಹಾಕಿದರೆ ಖರ್ಚು ಇಳಿಯುತ್ತದೆ, ದೋಷ ಹಾಗೆಯೇ ಉಳಿಯುತ್ತದೆ. ಮಲ್ಟಿಮೀಟರ್ ಇದ್ದರೆ ರಾತ್ರಿ ನಿಲ್ಲಿಸಿದ್ದ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಅಳೆಯಿರಿ. 12.6 ವೋಲ್ಟ್ ಇದ್ದರೆ ನಿಶ್ಚಿಂತೆ, 12.2 ಎಂದರೆ ಅರ್ಧ ಖಾಲಿ.

ಪ್ರಶ್ನೆ ಕೇಳಿದವರಿಂದ:
ರಾಯಚೂರಿನವರ ಊಹೆ ಸರಿಯಾಗಿತ್ತು. ನಾಲ್ಕು ಬಾಗಿಲುಗಳಲ್ಲಿ ದೋಷ ಸಿಗಲಿಲ್ಲ. ಡಿಕ್ಕಿಯ ಕೊಕ್ಕೆಯನ್ನು ತಿರುಗಿಸಿದರೆ ಮೊದಲ ‘ಟಕ್’ ಕೇಳಿಸಿ ಅಲ್ಲಿಗೇ ನಿಲ್ಲುತ್ತಿತ್ತು, ಒಳಗೆ ಇಟ್ಟಿಗೆಯ ಬಣ್ಣದ ಹೆಂಟೆ ಕಟ್ಟಿತ್ತು. ಸ್ವಚ್ಛಗೊಳಿಸಿ ಗ್ರೀಸ್ ಹಚ್ಚಿದ ಮೇಲೆ ಕೆಂಪು ಗುರುತು ಬಂದಿಲ್ಲ. ಈಗ ಬಾಗಿಲು ಹಾಕಿದ ಮೇಲೆ ದೀಪ ಹದಿನೈದು ಸೆಕೆಂಡಿನಷ್ಟು ಉರಿದು ಆರುತ್ತದೆ. ಇದೂ ದೋಷವೇ?

ಉತ್ತರ (ಬಳ್ಳಾರಿಯಿಂದ):
ಅಲ್ಲ ಸರ್, ಇಳಿಯುವವರಿಗೆ ಬೆಳಕಿರಲಿ ಎಂದು ಕಂಪನಿಯವರೇ ಇಟ್ಟಿರುವ ವ್ಯವಸ್ಥೆ ಅದು. ಇಗ್ನಿಷನ್ ಆನ್ ಮಾಡಿದರೆ ಅಥವಾ ರಿಮೋಟಿನಿಂದ ಲಾಕ್ ಮಾಡಿದರೆ ಹೆಚ್ಚಿನ ಕಾರುಗಳಲ್ಲಿ ಅಷ್ಟೂ ಕಾಯದೆ ಆರುತ್ತದೆ.