ಗಣಿತ ಓದಿದರೆ ಮೇಷ್ಟ್ರಾಗೋದು ಬಿಟ್ಟು ಬೇರೆ ದಾರಿ ಇಲ್ವಾ?

(ಪಿಯುಸಿ ಗಣಿತದಲ್ಲಿ 96 ಬಂದಿದೆ. ಪದವಿಗೆ ಅನ್ವಯಿಕ ಗಣಿತ ಓದುವ ಆಸೆ. ಅಪ್ಪ ಮಾತ್ರ ಎಂಜಿನಿಯರಿಂಗೇ ಆಗಬೇಕು ಅನ್ನುತ್ತಾರೆ ಎಂದು ದಾವಣಗೆರೆಯ ಓದುಗಿಯೊಬ್ಬರು ಬರೆದಿದ್ದರು. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.)

ಮಗಳೇ, ನಾನು ಮೂವತ್ತು ವರ್ಷ ಪದವಿ ತರಗತಿಗೆ ಗಣಿತ ಹೇಳಿದವನು. ‘ಅನ್ವಯಿಕ’ ಅನ್ನೋ ಬೋರ್ಡು ಹುಡುಕಿಕೊಂಡು ಅಲೆಯಬೇಡ. ನಮ್ಮ ಕಡೆ ಅದು ಬಿ.ಎಸ್‌ಸಿ. ಗಣಿತದ ಒಳಗೇ ಸೇರಿಕೊಂಡಿರುತ್ತದೆ. ಸಿಲಬಸ್ ತರಿಸಿ ನೋಡು. ಡಿಫರೆನ್ಷಿಯಲ್ ಈಕ್ವೇಶನ್, ನ್ಯೂಮರಿಕಲ್ ಅನಾಲಿಸಿಸ್, ಲೀನಿಯರ್ ಪ್ರೋಗ್ರಾಮಿಂಗ್ ಇದ್ದರೆ ನೀನು ಕೇಳುತ್ತಿರುವುದು ಅದೇ. ಜೊತೆಗೆ ಸ್ಟ್ಯಾಟಿಸ್ಟಿಕ್ಸೋ ಕಂಪ್ಯೂಟರ್ ಸೈನ್ಸೋ ತಗೋ.

ಅಪ್ಪನಿಗೆ ಹೇಳೋಕೆ ಒಂದು ಲೆಕ್ಕ ಕೊಡುತ್ತೇನೆ. ನಮ್ಮ ಮಾರಿಕಣಿವೆ (ವಾಣಿವಿಲಾಸ ಸಾಗರ ಅಣೆಕಟ್ಟು) 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದಿದ್ದು 2022ರಲ್ಲಿ, 89 ವರ್ಷಕ್ಕೆ. ಊರೆಲ್ಲ ಕೋಡಿ ನೋಡೋಕೆ ಹೋದಾಗ ನಾನು ನೋಟ್‌ಬುಕ್ ಹಿಡಿದು ಕೂತಿದ್ದೆ. (ಮನೆಯವರು ಬೈದರು, ಅದು ಬೇರೆ.) ವೇದಾವತಿಯಿಂದ ಬಂದ ನೀರಲ್ಲಿ ನಾಲೆಗೆ ಬಿಟ್ಟಿದ್ದನ್ನೂ ಬಿಸಿಲಿಗೆ ಆವಿಯಾದದ್ದನ್ನೂ ಕಳೆದರೆ ಉಳಿಯೋದೇ ಆ ದಿನದ ಏರಿಕೆ. ಒಂದೇ ಸಾಲು. ಆದರೆ ನೀರು ಏರಿದಷ್ಟೂ ಅದರ ಹರವು ದೊಡ್ಡದಾಗುತ್ತದೆ, ಹರವು ದೊಡ್ಡದಾದಷ್ಟೂ ಆವಿಯಾಗೋದು ಜಾಸ್ತಿ. ಅಲ್ಲಿಗೆ ಬರೀ ಕೂಡೋ ಕಳೆಯೋ ಲೆಕ್ಕ ಕೈಕೊಡುತ್ತದೆ. ದಿನ ದಿನಕ್ಕೆ ತುಂಡು ಮಾಡಿ, ಇವತ್ತಿನ ಉತ್ತರದಿಂದ ನಾಳೆಯದನ್ನು ತೆಗೆಯುತ್ತಾ ಹೋಗಬೇಕು. ಆಯ್ಲರ್ ವಿಧಾನ ಅಂದರೆ ಇಷ್ಟೇ.
— ನಿವೃತ್ತ ಉಪನ್ಯಾಸಕ, ಹಿರಿಯೂರು

ತಂಗಿ, ಪಿಯುಸಿಯ 96 ನಂಬಿಕೊಂಡು ಬರಬೇಡ. ನನಗೂ ಬಂದಿತ್ತು. ರಿಯಲ್ ಅನಾಲಿಸಿಸ್‌ನಲ್ಲಿ ಫೇಲಾದೆ. ಅಲ್ಲಿ ‘ಉತ್ತರ ಎಷ್ಟು’ ಅಂತ ಯಾರೂ ಕೇಳಲ್ಲ, ‘ಸಾಧಿಸಿ’ ಅಂತಾರೆ. ಸೀಕ್ವೆನ್ಸ್, ಅಂದ್ರೆ ಸಂಖ್ಯೆಗಳ ಸಾಲು, ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ಕಣ್ಣಿಗೇ ಕಾಣುತ್ತಿರುತ್ತದೆ. ಆದ್ರೂ ಎಪ್ಸಿಲಾನ್ ಅನ್ನೋ ಪುಟ್ಟ ಸಂಖ್ಯೆ ಹಿಡಿದು ಒಂದು ಪುಟ ಬರೆಯಬೇಕು!

ಇನ್ನೊಂದು. ನಮಗೆ ಸೈಲ್ಯಾಬ್ ಅನ್ನೋ ಗಣಿತದ ಸಾಫ್ಟ್‌ವೇರ್‌ನ ಪ್ರಾಕ್ಟಿಕಲ್ ಇತ್ತು, ಲ್ಯಾಬಿಗೆ ಬೀಗವೂ ಇತ್ತು. ಸೀನಿಯರ್‌ಗಳ ರೆಕಾರ್ಡ್ ನೋಡಿ ಔಟ್‌ಪುಟ್ ಕೈಯಲ್ಲೇ ಬರೆದೆವು. ಸೇರೋ ಮೊದಲು ಲ್ಯಾಬಿನ ಬಾಗಿಲು ತೆಗೆಸಿ ನೋಡು. ಸೈಲ್ಯಾಬ್ ಪುಕ್ಕಟೆ ಸಿಗುತ್ತದೆ, ಆಮೇಲೆ ಮನೆಯಲ್ಲೇ ಹಾಕಿಕೊಂಡು ಕಲಿತೆ. ಈಗ ವಿಮಾ ಕಂಪನಿಯೊಂದರಲ್ಲಿ ಡೇಟಾ ಕೆಲಸ. ಅನ್ನ ಹಾಕುತ್ತಿರುವುದು ಆ ಪುಕ್ಕಟೆ ಸಾಫ್ಟ್‌ವೇರ್ ಮತ್ತು ಪ್ರಾಬಬಿಲಿಟಿ.
— ಓದುಗಿ, ಚಿತ್ರದುರ್ಗ

ನಾನೂ ಅಪ್ಪನೇ. ನಿಮ್ಮಪ್ಪನ ಹಾಗೇ ಕೂಗಾಡಿದವನು. ಮಗ ಜಗಳ ಆಡಲಿಲ್ಲ, ಒಂದು ಹಾಳೆಯಲ್ಲಿ ಬರೆದು ಮುಂದಿಟ್ಟ. ಡಿಗ್ರಿ ಆದಮೇಲೆ ಜಾಮ್ ಅನ್ನೋ ಪ್ರವೇಶ ಪರೀಕ್ಷೆ ಬರೆದರೆ ಐಐಟಿಗಳಲ್ಲಿ ಎಂ.ಎಸ್‌ಸಿ. ಅದು ಸಿಗದಿದ್ದರೆ ಇಲ್ಲೇ ಶಿವಗಂಗೋತ್ರಿ, ಅಂದ್ರೆ ದಾವಣಗೆರೆ ವಿಶ್ವವಿದ್ಯಾಲಯ. ಅದೂ ಬೇಡವಾದರೆ ಬಿ.ಇಡಿ. ಮೂರನೇ ಸಾಲಿನ ಮುಂದೆ ‘ಮೇಷ್ಟ್ರು, ಅಪ್ಪಾ, ತಪ್ಪೇನು?’ ಅಂತ ಬರೆದಿದ್ದ. ನೀನೂ ಬರೆದು ಕೊಡಮ್ಮ. ಊಟ ಆದಮೇಲೆ ಕೊಡು, ಹಸಿದಿದ್ದಾಗ ಬೇಡ.
— ಓದುಗ, ಹರಿಹರ ರಸ್ತೆ, ದಾವಣಗೆರೆ