ಸರ್ಗಾಸಮ್‌ ನೀರಿನ ಸಾರಕ್ಕೆ ಡಿಪಿಪಿಎಚ್‌ನಲ್ಲಿ ಮೈನಸ್ ಬರುತ್ತಿದೆ, ಏಕೆ?

ಪ್ರಶ್ನೆ

ಭಟ್ಕಳದ ಬಂಡೆಗಳ ಮೇಲಿನ ಸರ್ಗಾಸಮ್ (ಕಂದು ಕಡಲಪಾಚಿ), ಬಿಸಿಲಲ್ಲಿ ಒಣಗಿಸಿ ಪುಡಿ ಮಾಡಿದ್ದು. 5 ಗ್ರಾಂ ಪುಡಿಗೆ 100 ಮಿ.ಲೀ. ನೀರು, 80 ಡಿಗ್ರಿಯಲ್ಲಿ 2 ಗಂಟೆ. ಇನ್ನೊಂದು ಪಾಲಿಗೆ ಮೆಥನಾಲ್. ಡಿಪಿಪಿಎಚ್ (ಆಂಟಿಆಕ್ಸಿಡೆಂಟ್ ಸಿಕ್ಕರೆ ನೇರಳೆ ಬಣ್ಣ ಕಳೆದುಕೊಳ್ಳುವ ರಾಸಾಯನಿಕ) ಸೇರಿಸಿ 517 ನ್ಯಾನೋಮೀಟರ್‌ನಲ್ಲಿ ಓದಿದರೆ, ಬಣ್ಣ ಇಳಿದ ಶೇಕಡಾ ಲೆಕ್ಕದಲ್ಲಿ ನೀರಿನ ಸಾರ ಮೈನಸ್ ತೋರಿಸುತ್ತದೆ. ಮೆಥನಾಲ್ ಸಾರ ಒಂದು ಮಟ್ಟದವರೆಗೆ ಏರಿ, ಆಮೇಲೆ ಸಾಂದ್ರತೆ ಹೆಚ್ಚಿಸಿದರೂ ಇಳಿಯುತ್ತದೆ. ಬ್ಲ್ಯಾಂಕ್ (ಓದನ್ನು ಸೊನ್ನೆಗೆ ಹೊಂದಿಸುವ ದ್ರಾವಣ) ಬರೀ ಮೆಥನಾಲ್. ಈ ಪಾಚಿಯಲ್ಲಿ ಆಂಟಿಆಕ್ಸಿಡೆಂಟ್ ಇಲ್ಲವೆಂದು ಬರೆಯಬಹುದೇ?

ಕಡಲತಡಿ

ಖಂಡಿತ ಬರೆಯಬೇಡಿ. ಬಿಸಿನೀರಿಗೆ ಆಲ್ಜಿನೇಟ್, ಫ್ಯುಕಾಯ್ಡಾನ್ ಎಂಬ ಪಾಚಿಯ ಲೋಳೆ ಪದಾರ್ಥಗಳು ಧಾರಾಳವಾಗಿ ಇಳಿದಿರುತ್ತವೆ. ಡಿಪಿಪಿಎಚ್ ಇರುವುದು ಮೆಥನಾಲ್‌ನಲ್ಲಿ. ಅದಕ್ಕೆ ಬಿದ್ದ ಕೂಡಲೇ ಇವು ಕರಗಿ ನಿಲ್ಲದೆ ಮಬ್ಬಾಗುತ್ತವೆ. ಮಬ್ಬು ಬೆಳಕನ್ನು ಚದುರಿಸುತ್ತದೆ, ಅಬ್ಸಾರ್ಬೆನ್ಸ್ (ಬೆಳಕು ಹೀರಿದ ಅಳತೆ) ಸಾರ ಹಾಕದ ಕಂಟ್ರೋಲ್‌ಗಿಂತ ಮೇಲೇರುತ್ತದೆ, ಲೆಕ್ಕದಲ್ಲಿ ಮೈನಸ್ ಬರುತ್ತದೆ. ಕ್ಯೂವೆಟ್ಟನ್ನು ಬೆಳಕಿಗೆ ಹಿಡಿದರೆ ಕಣ್ಣಿಗೇ ಕಾಣುತ್ತದೆ.

ನೀರಿನ ಸಾರಕ್ಕೆ ಮೂರು ಪಟ್ಟು ತಣ್ಣನೆಯ ಎಥನಾಲ್ ಸೇರಿಸಿ, ರಾತ್ರಿಯಿಡೀ 4 ಡಿಗ್ರಿಯಲ್ಲಿಟ್ಟು ಸೆಂಟ್ರಿಫ್ಯೂಜ್ ಮಾಡಿ. ಮೇಲಿನ ತಿಳಿಯನ್ನಷ್ಟೇ ತೆಗೆದು, 40 ಡಿಗ್ರಿಗಿಂತ ಕೆಳಗೆ ಆವಿ ಮಾಡಿ ಬಳಸಿ.

ಮೆಥನಾಲ್ ಸಾರದ ಇಳಿಕೆಗೆ ಬಣ್ಣ ಕಾರಣ. ಕಂದು ಪಾಚಿಯ ಬಣ್ಣಗಳು 517ರಲ್ಲೂ ಸ್ವಲ್ಪ ಬೆಳಕು ಹೀರುತ್ತವೆ. ಪ್ರತಿ ಸಾಂದ್ರತೆಗೂ ಪ್ರತ್ಯೇಕ ಬ್ಲ್ಯಾಂಕ್ ಬೇಕು: ಅಷ್ಟೇ ಸಾರ, ಡಿಪಿಪಿಎಚ್ ಬದಲಿಗೆ ಅಷ್ಟೇ ಮೆಥನಾಲ್. ಸ್ಯಾಂಪಲ್ ಓದಿನಿಂದ ಇದನ್ನು ಕಳೆದ ಮೇಲೆಯೇ ಶೇಕಡಾ ಲೆಕ್ಕ.

ಡಿಪಿಪಿಎಚ್ 0.1 ಮಿಲಿಮೋಲಾರ್ ಇರಲಿ, ಅಂದರೆ 100 ಮಿ.ಲೀ. ಮೆಥನಾಲ್‌ಗೆ 3.94 ಮಿ.ಗ್ರಾಂ. ಅದರ 3 ಮಿ.ಲೀ.ಗೆ ಸಾರ 0.1 ಮಿ.ಲೀ., ಕತ್ತಲಲ್ಲಿ 30 ನಿಮಿಷ. ಕಂಟ್ರೋಲ್ ಸುಮಾರು 1 ಬರಬೇಕು. ತೀರಾ ಕಡಿಮೆ ಬಂದರೆ ದ್ರಾವಣ ಹಳೆಯದು, ಅಂದಂದೇ ಹೊಸದು ಮಾಡಿಕೊಳ್ಳಿ.

ಫ್ಲೋರೋ

ಮೇಲಿನದಕ್ಕೆ ಪೂರ್ತಿ ಒಪ್ಪಿಗೆ. ಆದರೆ ಬಿಸಿಲನ್ನೇ ಬಿಡಿ. ಸರ್ಗಾಸಮ್‌ನ ಮುಖ್ಯ ಆಂಟಿಆಕ್ಸಿಡೆಂಟ್‌ಗಳು ಫ್ಲೋರೋಟ್ಯಾನಿನ್‌ಗಳು (ಕಂದು ಪಾಚಿಯ ಫಿನಾಲ್ ಸಂಯುಕ್ತಗಳು). ಬಿಸಿಲು, ಗಾಳಿ, ಕಾವು ಮೂರೂ ಅವನ್ನು ಆಕ್ಸಿಡೈಸ್ ಮಾಡಿ ಹಾಳುಗೆಡವುತ್ತವೆ. ತಂದ ದಿನವೇ ಮರಳು, ಶಂಖದ ಮರಿ ಕಿತ್ತು, ಸಿಹಿನೀರಲ್ಲಿ ಬೇಗ ಜಾಲಾಡಿಸಿ (ನೆನೆಹಾಕಿದರೆ ಸತ್ವವೂ ನೀರಿಗೆ ಹೋಗುತ್ತದೆ), ನೆರಳಲ್ಲಿ ತೆಳುವಾಗಿ ಹರಡಿ. ಫ್ರೀಜ್ ಡ್ರೈಯರ್ ಇದ್ದರೆ ಅದೇ ಉತ್ತಮ.

ಸಾರ ತೆಗೆಯಲು ನನ್ನ ಆಯ್ಕೆ ಶೇ. 70 ಅಸಿಟೋನ್. ಅದಕ್ಕೂ ಮೊದಲು ಪುಡಿಯನ್ನು ಹೆಕ್ಸೇನ್‌ನಲ್ಲಿ ಎರಡು ಸಲ ತೊಳೆದರೆ ಕೊಬ್ಬು, ಒಂದಷ್ಟು ಹಸಿರು ಹೋಗುತ್ತದೆ. ಅಸಿಟೋನ್ ಆವಿಯಾದ ಮೇಲೆ ಉಳಿದ ನೀರನ್ನು ಎಥೈಲ್ ಅಸಿಟೇಟ್ ಜೊತೆ ಸೆಪರೇಟಿಂಗ್ ಫನೆಲ್‌ನಲ್ಲಿ ಕುಲುಕಿ. ಉಪ್ಪು, ಮ್ಯಾನಿಟಾಲ್ (ಪಾಚಿಯ ಸಿಹಿ ಪದಾರ್ಥ) ನೀರಿನಲ್ಲೇ ಉಳಿಯುತ್ತವೆ. ಇವು ಸಾರದ ತೂಕದಲ್ಲಿ ಸೇರಿದ್ದರೆ ಐಸಿ50 (ಡಿಪಿಪಿಎಚ್‌ನ ಅರ್ಧವನ್ನು ತಟಸ್ಥಗೊಳಿಸಲು ಬೇಕಾದ ಸಾಂದ್ರತೆ) ಸುಮ್ಮನೆ ಕೆಟ್ಟದಾಗಿ ಕಾಣುತ್ತದೆ. ಆದ್ದರಿಂದ ಫಲಿತಾಂಶವನ್ನು ಒಣಪುಡಿಯ ಪ್ರತಿ ಗ್ರಾಂಗೆ ಟ್ರೋಲಾಕ್ಸ್ (ಹೋಲಿಕೆಗೆ ಬಳಸುವ ಆಂಟಿಆಕ್ಸಿಡೆಂಟ್) ಸಮಾನದಲ್ಲೂ ಕೊಡಿ.

ಜೊತೆಗೆ ಎಬಿಟಿಎಸ್ (ಬಣ್ಣದ ಇಳಿಕೆಯನ್ನೇ ಅಳೆಯುವ ಇನ್ನೊಂದು ಪರೀಕ್ಷೆ) ಮಾಡಿ. ನೀರಿನಲ್ಲೂ ನಡೆಯುತ್ತದೆ, 734ರಲ್ಲಿ ಓದುವುದರಿಂದ ಪಾಚಿಯ ಬಣ್ಣದ ಕಾಟ ಕಡಿಮೆ. 7 ಮಿಲಿಮೋಲಾರ್ ಎಬಿಟಿಎಸ್‌ನಲ್ಲಿ ಪೊಟ್ಯಾಸಿಯಂ ಪರ್‌ಸಲ್ಫೇಟ್ 2.45 ಮಿಲಿಮೋಲಾರ್ ಆಗುವಂತೆ ಬೆರೆಸಿ, 12–16 ಗಂಟೆ ಕತ್ತಲಲ್ಲಿಟ್ಟು, ಓದು 0.70 ಬರುವಷ್ಟು ತೆಳು ಮಾಡಿಕೊಳ್ಳಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ಡಿಪಿಪಿಎಚ್ ಚೆನ್ನಾಗಿ ಬಂದರೆ ಇದೇ ಪುಡಿಯನ್ನು ಆಹಾರಕ್ಕೆ ಸೂಚಿಸಬಹುದೇ ಸರ್?

ಕಡಲತಡಿ

ಇಲ್ಲ. ಟ್ಯೂಬಿನೊಳಗಿನ ಅಂಕಿ ದೇಹದೊಳಗಿನದಲ್ಲ, ದೊಡ್ಡ ಫ್ಲೋರೋಟ್ಯಾನಿನ್‌ಗಳು ಕರುಳಿನಲ್ಲಿ ಹೀರಿಕೆಯಾಗುವುದೇ ಕಡಿಮೆ. ಅದಕ್ಕಿಂತ ದೊಡ್ಡ ಸಂಗತಿ ಆರ್ಸೆನಿಕ್. ಜಪಾನಿನ ಹಿಜಿಕಿಯೂ ಸರ್ಗಾಸಮ್ ಜಾತಿಯೇ. ಅಜೈವಿಕ ಆರ್ಸೆನಿಕ್ (ಹೆಚ್ಚು ವಿಷಕಾರಿ ರೂಪ) ಕಾರಣಕ್ಕೆ ಅದನ್ನು ತಿನ್ನಬೇಡಿ ಎಂದು ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ 2004ರಲ್ಲಿ ಸಲಹೆ ಕೊಟ್ಟಿತು. ಒಟ್ಟು ಆರ್ಸೆನಿಕ್ ಅಳೆಸಿದರೆ ಸಾಲದು, ಅಜೈವಿಕ ಪಾಲನ್ನು ಬೇರೆಯಾಗಿಯೇ ಅಳೆಸಬೇಕು. ಅಯೋಡಿನ್ ಕೂಡ.