ಮೊದಲ ಬೈಕ್: ಮಳೆಗಾಲಕ್ಕೂ ತೋಟದ ಏರಿಗೂ ಯಾವುದು ಸರಿ?

ನಾಪೋಕ್ಲು_ಕಡೆಯವಳು

ಎಲ್ಲರಿಗೂ ನಮಸ್ಕಾರ. ನನಗೆ 24 ವರ್ಷ, ಎತ್ತರ 5 ಅಡಿ 2 ಇಂಚು. ಕೆಲಸ ಮಡಿಕೇರಿಯಲ್ಲಿ, ಮನೆ ನಾಪೋಕ್ಲು ಹತ್ತಿರ ತೋಟದೊಳಗೆ. ಮೂರ್ನಾಡು ಮೇಲೆ ಹೋಗಿ ಬರುವುದು ಅಂದರೆ ದಿನಕ್ಕೆ 40 ಕಿಲೋಮೀಟರ್ ದಾಟುತ್ತದೆ. ಬೆಳಿಗ್ಗೆ ಬಸ್ಸು ಸಿಗುತ್ತದೆ. ಸಂಜೆ ಒಂದು ತಪ್ಪಿದರೆ ಇನ್ನೊಂದಕ್ಕೆ ಕಾಯುವಷ್ಟರಲ್ಲಿ ಕತ್ತಲಾಗಿರುತ್ತದೆ. ಅದಕ್ಕೇ ಬೈಕ್ ತೆಗೆದುಕೊಳ್ಳುವುದು ಅಂತ ತೀರ್ಮಾನ ಮಾಡಿದ್ದೇನೆ. ಸ್ಕೂಟರ್ ಓಡಿಸಿ ಅಭ್ಯಾಸ ಇದೆ, ಲೈಸೆನ್ಸೂ ಇದೆ. ಗೇರ್ ಬೈಕ್ ಮಾತ್ರ ಅಣ್ಣನದನ್ನು ನಾಲ್ಕೈದು ಸಲ ಮನೆ ಕಣದಲ್ಲಿ ಓಡಿಸಿದ್ದು, ಅಷ್ಟೆ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅಪ್ಪ ಸ್ಕೂಟರೇ ಸಾಕು ಅನ್ನುತ್ತಾರೆ. ಭಾವ ಬುಲೆಟ್ ತಗೋ, ಭಾರದ ಗಾಡಿ ರೋಡಿಗೆ ಅಂಟಿಕೊಂಡು ಹೋಗುತ್ತದೆ ಅನ್ನುತ್ತಾರೆ. ಅಣ್ಣನಿಗೆ ಹೀರೋ ಎಕ್ಸ್‌ಪಲ್ಸ್ ಬೈಕ್ ಮೇಲೆ ಕಣ್ಣು. ಬಜೆಟ್ 1.2 ಲಕ್ಷ, ಹಳೆಯದಾದರೂ ಪರವಾಗಿಲ್ಲ.

ನನಗೆ ಹೆದರಿಕೆ ಇರುವುದು ಒಂದೇ ಜಾಗ. ಮೇನ್ ರೋಡಿನಿಂದ ಮನೆಗೆ ಅರ್ಧ ಕಿಲೋಮೀಟರ್ ಏರು. ಸ್ವಲ್ಪ ಕಾಂಕ್ರೀಟ್, ಉಳಿದದ್ದು ಮಣ್ಣು, ಕಲ್ಲು. ಜೂನ್ ಬಂತು ಅಂದರೆ ಕಾಂಕ್ರೀಟಿನ ಮೇಲೆಲ್ಲ ಪಾಚಿ. ಅಲ್ಲಿ ಸ್ಕೂಟರಿನ ಹಿಂದಿನ ಚಕ್ರ ಸುಮ್ನೆ ನಿಂತಲ್ಲೇ ತಿರುಗುತ್ತದೆ. ಯಾವ ಬೈಕ್ ತಗೊಳ್ಳಲಿ?

ಸೋಮವಾರಪೇಟೆ_ಸವಾರ

ತಂಗಿ, ನಿಮ್ಮ ಪ್ರಶ್ನೆಯ ಕೊನೆಯಲ್ಲೇ ಉತ್ತರ ಇದೆ. ಮಡಿಕೇರಿ ರೋಡಿಗೆ ಯಾವ ಬೈಕಾದರೂ ಆಗುತ್ತದೆ. ಗೇಟಿನಿಂದ ಮನೆಯವರೆಗಿನ ಆ ಅರ್ಧ ಕಿಲೋಮೀಟರ್ ಇದೆಯಲ್ಲ, ಅದಕ್ಕೆ ಸರಿಹೋಗುವ ಗಾಡಿ ನೋಡಿ.

20 ವರ್ಷದ ಹಿಂದೆ ನಾನು ಮೊದಲ ಗಾಡಿಯೇ 350 ಸಿಸಿ ತಗೊಂಡಿದ್ದೆ. ಟಾರ್ ರೋಡಿನಲ್ಲಿ ಒಂದು ದಿನವೂ ತೊಂದರೆ ಕೊಡಲಿಲ್ಲ. ಜುಲೈನಲ್ಲಿ ನಮ್ಮ ಅಂಗಳದ ಇಳಿಜಾರಿನಲ್ಲಿ ಗಾಡಿ ತಿರುಗಿಸುವಾಗ ಎಡಗಾಲು ಪಾಚಿ ಮೇಲೆ ಜಾರಿತು, ಗಾಡಿ ಕಾಲ ಮೇಲೆಯೇ ಬಿತ್ತು. ಎಂಜಿನ್ ಆನ್ ಕೂಡ ಆಗಿರಲಿಲ್ಲ. ತೋಟದಲ್ಲಿ ಕೆಲಸಕ್ಕಿದ್ದ ಇಬ್ಬರು ಓಡಿ ಬಂದು ಎತ್ತುವವರೆಗೆ ಹಾಗೇ ಬಿದ್ದಿದ್ದೆ. ಆರು ವಾರ ಪಟ್ಟಿ. ಕಲಿಯುವವರು ಬೀಳುವುದು ಹೆಚ್ಚಾಗಿ ಹೀಗೇ, ನಿಂತಲ್ಲಿ, ತಿರುಗಿಸುವಲ್ಲಿ, ಏರಿನ ಮಧ್ಯೆ ಎಂಜಿನ್ ಆಫ್ ಆದಾಗ. ಆಗ ಸಿಸಿ ಲೆಕ್ಕಕ್ಕೆ ಬರುವುದಿಲ್ಲ, ತೂಕವೇ ಎಲ್ಲ.

ಬುಲೆಟ್ ಮಾಡುವ ರಾಯಲ್ ಎನ್‌ಫೀಲ್ಡಿನ ಕ್ಲಾಸಿಕ್ 350 ತೂಕ 195 ಕೆಜಿ, ಹಂಟರ್ 350 ಆದರೆ 181. ಸ್ಪ್ಲೆಂಡರ್ ಪ್ಲಸ್ 112, ಟಿವಿಎಸ್ ರೈಡರ್ 125 ಆದರೆ 123. ವ್ಯತ್ಯಾಸ ನೋಡಿ, ಒಂದು ಮೂಟೆ ಕಾಫಿಗಿಂತ ಜಾಸ್ತಿ. ಭಾವನ ಮಾತು ನೇರ ರೋಡಿಗೆ ನಿಜ, ಗಾಳಿಗೆ ಭಾರದ ಗಾಡಿ ಅಲ್ಲಾಡುವುದಿಲ್ಲ. ಜಾರುವ ಏರಿನಲ್ಲಿ ಅದೇ ಭಾರ ನಿಮ್ಮನ್ನು ಕೆಳಗೆ ಎಳೆಯುತ್ತದೆ.

ಅಪ್ಪನ ಮಾತು ತಳ್ಳಿಹಾಕುತ್ತಿಲ್ಲ, ಪೇಟೆಯಲ್ಲಿ ಸ್ಕೂಟರಿನಷ್ಟು ಸುಲಭ ಬೇರೆ ಇಲ್ಲ. ಆದರೆ ಅದರ ಚಕ್ರ 10, 12 ಇಂಚು, ಸ್ಪ್ಲೆಂಡರಿನದು 18 ಇಂಚು. ಮಳೆಗಾಲದ ಗುಂಡಿಗಳಲ್ಲಿ ಇದು ಕೂಡಲೇ ಗೊತ್ತಾಗುತ್ತದೆ. ಇನ್ನೊಂದು, ಇಳಿಜಾರಿನಲ್ಲಿ ಸ್ಕೂಟರ್ ತೀರ ನಿಧಾನ ಆದಾಗ ಕ್ಲಚ್ ತಾನಾಗಿ ಬಿಟ್ಟುಕೊಂಡು ಗಾಡಿ ಸುಮ್ನೆ ಉರುಳುತ್ತದೆ, ಎಲ್ಲ ಭಾರ ಬ್ರೇಕ್ ಮೇಲೆ ಬೀಳುತ್ತದೆ. ಗೇರ್ ಗಾಡಿಯಲ್ಲಿ ಒಂದನೇ ಗೇರ್ ಹಾಕಿ ಬಿಟ್ಟರೆ ಎಂಜಿನ್ನೇ ಹಿಡಿದುಕೊಂಡು ಇಳಿಸುತ್ತದೆ.

ನನ್ನ ಆಯ್ಕೆ ರೈಡರ್ 125. ಸೀಟ್ ಎತ್ತರ 780 ಮಿಲಿಮೀಟರ್, ನಿಮ್ಮ ಎತ್ತರಕ್ಕೆ ಪಾದದ ಮುಂಭಾಗವಾದರೂ ಗಟ್ಟಿಯಾಗಿ ನೆಲಕ್ಕೆ ತಾಗುತ್ತದೆ. ಕೆಳಗಿನ ಗ್ಯಾಪ್ 180 ಇದೆ, ಕಲ್ಲು ತಾಗುವುದು ಕಡಿಮೆ. ಪಿಕಪ್ ಬೇಡ, ಖರ್ಚು ಕಡಿಮೆ ಇರಲಿ ಅಂದರೆ ಸ್ಪ್ಲೆಂಡರ್.

ಸಂಪಾಜೆ_ಘಾಟಿ

ಸೋಮವಾರಪೇಟೆ ಅಣ್ಣ ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ತೂಕದ ಮಾತು ಸರಿ. ಆದರೆ ಮಳೆಯಲ್ಲಿ ಬ್ರೇಕ್ ಬಗ್ಗೆ ಒಂದು ಮಾತೂ ಇಲ್ಲವಲ್ಲ? 2019ರ ಏಪ್ರಿಲ್‌ನಲ್ಲಿ ಬಂದ ನಿಯಮದ ಪ್ರಕಾರ 125 ಸಿಸಿಗಿಂತ ಮೇಲಿನ ಹೊಸ ಗಾಡಿಗೆ ಎಬಿಎಸ್ ಕಡ್ಡಾಯ ಆಯಿತು, 125 ತನಕ ಸಿಬಿಎಸ್ ಇದ್ದರೂ ಸಾಕು ಅಂತಿತ್ತು. ಎರಡೂ ಒಂದೇ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ, ಅಲ್ಲ. ಸಿಬಿಎಸ್ ಅಂದರೆ ಹಿಂದಿನ ಬ್ರೇಕ್ ಒತ್ತಿದಾಗ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಚಕ್ರ ಲಾಕ್ ಆಗುವುದನ್ನು ಅದು ತಡೆಯುವುದಿಲ್ಲ. ತಡೆಯುವುದು ಎಬಿಎಸ್.

ತೋಟದ ಗೇಟಿನಿಂದ ಜೀಪು, ಟ್ರ್ಯಾಕ್ಟರ್ ಹೊರಗೆ ಬರುವ ಕಡೆಯಲ್ಲೆಲ್ಲ ಟಾರಿನ ಮೇಲೆ ಕೆಂಪು ಕೆಸರು ಎಳೆದುಕೊಂಡು ಬಂದಿರುತ್ತದೆ, ಅದರ ಮೇಲೆ ಸಿಲ್ವರ್ ಮರದ ಎಲೆ ಬಿದ್ದಿರುತ್ತದೆ, ತಿರುವು ದಾಟಿದ ಮೇಲೇ ಕಣ್ಣಿಗೆ ಬೀಳುತ್ತದೆ, ಅಷ್ಟರಲ್ಲಿ ಕೈ ತಾನಾಗಿ ಮುಂದಿನ ಬ್ರೇಕ್ ಹಿಡಿದಿರುತ್ತದೆ. ಮುಂದಿನ ಚಕ್ರ ಲಾಕ್ ಆಯಿತೋ ಬಿದ್ದೆವು ಅಂತಲೇ ಲೆಕ್ಕ. ಹೊಸಬರಿಗೆ ಈ ತಪ್ಪು ಆಗೇ ಆಗುತ್ತದೆ, ಅದಕ್ಕೇ ಹೊಸಬರಿಗೇ ಎಬಿಎಸ್ ಜಾಸ್ತಿ ಬೇಕು.

ಹೋಂಡಾ ಯೂನಿಕಾರ್ನ್ 160 ನೋಡಿ. ತೂಕ 140 ಕೆಜಿ ಹತ್ತಿರ, ಸೀಟ್ 798. ಎಬಿಎಸ್ ಮುಂದಿನ ಚಕ್ರಕ್ಕೆ ಮಾತ್ರ, ಆದರೂ ಜೀವ ಉಳಿಸುವುದು ಅದೇ. ಹಿಂದೆ ಅಮ್ಮನನ್ನೋ ತಂಗಿಯನ್ನೋ ಕೂರಿಸಿಕೊಂಡು ಏರು ಹತ್ತಿದರೂ ಉಸಿರು ಕಟ್ಟುವುದಿಲ್ಲ.

ಗೋಣಿಕೊಪ್ಪ_ಗ್ಯಾರೇಜ್

ಇಬ್ಬರೂ ಸರಿಯಾಗೇ ಹೇಳಿದ್ದಾರೆ. ನಾನು ಗಾಡಿ ರಿಪೇರಿ ಮಾಡುವವನು, ನನ್ನ ಕಡೆಯಿಂದ ಒಂದಿಷ್ಟು.

ಮೊದಲು ಲೈಸೆನ್ಸ್ ತೆಗೆದು ನೋಡಿ ಮೇಡಂ. ಸ್ಕೂಟರ್ ಟೆಸ್ಟ್ ಕೊಟ್ಟು ತಗೊಂಡಿದ್ದರೆ ಅದರಲ್ಲಿ ಗೇರ್ ಇಲ್ಲದ ಗಾಡಿ ಅಂತ ಮಾತ್ರ ಇರುತ್ತದೆ. ಗೇರ್ ಬೈಕಿಗೆ ಎಂಸಿಡಬ್ಲ್ಯುಜಿ ಅಂತ ಸೇರಿಸಿಕೊಳ್ಳಬೇಕು. ಅದಕ್ಕೆ ಮತ್ತೆ ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಮಾಡಿಸಿ, 30 ದಿನ ಆದ ಮೇಲೆ ಟೆಸ್ಟ್. ಎಲ್‌ಎಲ್ 6 ತಿಂಗಳು ಇರುತ್ತದೆ, ಅವಸರ ಇಲ್ಲ. ಇದಿಲ್ಲದೆ ಓಡಿಸಿ ಏನಾದರೂ ಆದರೆ ಇನ್ಶೂರೆನ್ಸಿನವರ ಹತ್ತಿರ ಒದ್ದಾಡಬೇಕಾಗುತ್ತದೆ.

ಹಳೆಯದು ನೋಡುವುದಾದರೆ ಪಾಲಿಶ್ ನೋಡಿ ಮರುಳಾಗಬೇಡಿ. ನಮ್ಮ ಕಡೆ ಗಾಡಿ ಹಾಳಾಗುವುದು ನೀರು, ಕೆಸರಿನಿಂದ. ಮುಂದಿನ ಫೋರ್ಕಿನ ರಾಡ್ ಮೇಲೆ ಬೆರಳಾಡಿಸಿ, ಎಣ್ಣೆ ಅಂಟಿದರೆ ಸೀಲ್ ಹೋಗಿದೆ. ಚೈನನ್ನು ಹಿಂದಿನ ಸ್ಪ್ರಾಕೆಟ್ (ಹಲ್ಲಿನ ಚಕ್ರ) ಹತ್ತಿರ ಹಿಡಿದು ಹೊರಗೆ ಎಳೆಯಿರಿ, ಹಲ್ಲಿನಿಂದ ಎದ್ದು ಬಂದರೆ ಸವೆದಿದೆ. ಟಯರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2321 ಅಂತಿದ್ದರೆ 2021ರ 23ನೇ ವಾರದಲ್ಲಿ ತಯಾರಾದದ್ದು ಅಂತ ಅರ್ಥ. ಬಟನ್, ಅಂದರೆ ಮೇಲಿನ ಅಚ್ಚು, ಚೆನ್ನಾಗಿದ್ದರೂ ಟಯರ್ ಹಳೆಯದಾದರೆ ರಬ್ಬರ್ ಗಟ್ಟಿಯಾಗಿರುತ್ತದೆ, ಮಳೆಯಲ್ಲಿ ಹಿಡಿಯುವುದಿಲ್ಲ. ಪೇಪರ್ ವಿಷಯದಲ್ಲಿ ಹೆಸರು ಬದಲಾವಣೆಯ ಫಾರಂ 29, 30ಕ್ಕೆ ಮಾಲೀಕರೇ ಸಹಿ ಹಾಕಬೇಕು. ಆರ್‌ಸಿಯಲ್ಲಿ ಬ್ಯಾಂಕ್ ಹೆಸರಿದ್ದರೆ, ಸಾಲ ತೀರಿದೆ ಅನ್ನುವ ಬ್ಯಾಂಕಿನ ಎನ್‌ಒಸಿಯೂ ಫಾರಂ 35 ಸಹ ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ.

ಮತ್ತೆ ಹೆಲ್ಮೆಟ್. ಐಎಸ್‌ಐ ಗುರುತಿನ ಫುಲ್ ಫೇಸ್, ಗಾಜು ಬಿಳಿಯದೇ ಇರಲಿ. ಕಪ್ಪು ಗಾಜು ಹಾಕಿಕೊಂಡು ಸಂಜೆ ಮಂಜಿನಲ್ಲಿ ಬರುವವರನ್ನು ನೋಡಿದರೆ ನನಗೆ ಎದೆ ಝಲ್ ಅನ್ನುತ್ತದೆ. ಮಂಜಿನಲ್ಲಿ ಹೈಬೀಮ್ ಹಾಕಬೇಡಿ, ಬೆಳಕು ವಾಪಸ್ ಕಣ್ಣಿಗೇ ಹೊಡೆಯುತ್ತದೆ.

ನಾಪೋಕ್ಲು_ಕಡೆಯವಳು

ತುಂಬಾ ಥ್ಯಾಂಕ್ಸ್. ಲೈಸೆನ್ಸ್ ನೋಡಿದೆ, ಗೇರ್ ಇಲ್ಲದ್ದೇ. ಇದು ನನಗೆ ಗೊತ್ತೇ ಇರಲಿಲ್ಲ.

ಎಕ್ಸ್‌ಪಲ್ಸ್ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಮಣ್ಣು ರೋಡಿಗೇ ಮಾಡಿದ ಗಾಡಿ ಅಲ್ವಾ? ಮತ್ತೆ ಏರಿನ ಮಧ್ಯೆ ನಿಲ್ಲಿಸಿ ಮತ್ತೆ ಹೊರಡುವುದು ಹೇಗೆ? ಅಣ್ಣನ ಬೈಕಿನಲ್ಲಿ ಎರಡು ಸಲವೂ ಹಿಂದಕ್ಕೆ ಜಾರಿತು.

ಸೋಮವಾರಪೇಟೆ_ಸವಾರ

ಎಕ್ಸ್‌ಪಲ್ಸ್ 200 ಒಳ್ಳೆಯ ಗಾಡಿ, ಮಣ್ಣಿನಲ್ಲಿ ಅದರ ಮುಂದೆ ಈ ಯಾವುದೂ ಇಲ್ಲ. ಆದರೆ ಸೀಟ್ 825 ಮಿಲಿಮೀಟರ್. ನಿಮಗೆ ಬೆರಳ ತುದಿ ಮಾತ್ರ ತಾಗುತ್ತದೆ, ಕಲ್ಲಿನ ಮೇಲೆ ಬೆರಳ ತುದಿಯಲ್ಲಿ ನಿಂತು 159 ಕೆಜಿ ಹಿಡಿಯಲು ಮೊದಲ ವರ್ಷ ಆಗುವುದಿಲ್ಲ. ಎರಡು ಮಳೆಗಾಲ ಕಳೆಯಲಿ, ಆಮೇಲೆ ನೋಡಿ. ಸಂಪಾಜೆಯವರು ಎಬಿಎಸ್ ಬಗ್ಗೆ ಹೇಳಿದ್ದನ್ನು ನಾನೂ ಒಪ್ಪುತ್ತೇನೆ. ಯೂನಿಕಾರ್ನ್ ಮೇಲೆ ಕೂತಾಗ ಕಾಲು ಗಟ್ಟಿಯಾಗಿ ತಾಗಿದರೆ ಅದನ್ನೇ ತಗೊಳ್ಳಿ, ಇಲ್ಲದಿದ್ದರೆ ರೈಡರ್.

ಏರಿನಲ್ಲಿ ಎಡಗಾಲು ಮಾತ್ರ ನೆಲಕ್ಕೆ, ಬಲಗಾಲು ಹಿಂದಿನ ಬ್ರೇಕ್ ಮೇಲೇ ಇರಬೇಕು. ಒಂದನೇ ಗೇರ್, ಸ್ವಲ್ಪ ಆಕ್ಸಿಲೇಟರ್, ಕ್ಲಚ್ ನಿಧಾನಕ್ಕೆ ಬಿಡಿ. ಗಾಡಿ ಮುಂದಕ್ಕೆ ಎಳೆಯುವುದು ಸೀಟಿನಲ್ಲೇ ಗೊತ್ತಾಗುತ್ತದೆ, ಆಗ ಬ್ರೇಕ್ ಬಿಡಿ. ಎರಡೂ ಕಾಲು ಕೆಳಗಿಟ್ಟರೆ ಬ್ರೇಕ್ ಒತ್ತುವವರು ಯಾರು? ಹಿಂದಕ್ಕೆ ಜಾರಿದ್ದು ಅದಕ್ಕೇ ಇರಬೇಕು. ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ಕಣದಲ್ಲಿ ಕಾಫಿ ಹರಡುತ್ತಾರೆ, ಅದಕ್ಕೆ ಮೊದಲು ಅಲ್ಲೇ ದಿನಾ ಅರ್ಧ ಗಂಟೆ ಕ್ಲಚ್ ಅಭ್ಯಾಸ ಮಾಡಿ.

ಸಂಪಾಜೆ_ಘಾಟಿ

ಸಂಜೆ ತಡವಾದರೆ ಆನೆ ಓಡಾಡುವ ಕಡೆ ಒಬ್ಬರೇ ಬರಬೇಡಿ. ಕಂಡರೆ ದೂರದಲ್ಲೇ ನಿಲ್ಲಿಸಿ, ಹಾರ್ನ್ ಹೊಡೆಯಬೇಡಿ, ನಿಧಾನಕ್ಕೆ ತಿರುಗಿಸಿಕೊಂಡು ವಾಪಸ್ ಹೋಗಿ. ತಿರುಗಿಸುವುದಕ್ಕೂ ಹಗುರ ಗಾಡಿಯೇ ಬೇಕು ನೋಡಿ, ಈ ವಿಷಯದಲ್ಲಿ ಸೋಮವಾರಪೇಟೆ ಅಣ್ಣನ ಮಾತಿಗೆ ನನ್ನದೂ ಒಂದು ಓಟು.

ನಾಪೋಕ್ಲು_ಕಡೆಯವಳು

ಇವತ್ತು ಅಪ್ಪನ ಜೊತೆ ಹೋಗಿ ಎರಡರ ಮೇಲೂ ಕೂತು ನೋಡಿದೆ. ಯೂನಿಕಾರ್ನಿನಲ್ಲಿ ಎಡಗಾಲು ಸರಿಯಾಗಿ ತಾಗಿತು, ಅಪ್ಪ ಹಿಂದೆ ಕೂತಾಗ ಇನ್ನೂ ಸ್ವಲ್ಪ ತಗ್ಗಿತು. ಎಬಿಎಸ್ ವಿಷಯ ಕೇಳಿದ ಮೇಲೆ ಅಪ್ಪನೂ ಸ್ಕೂಟರ್ ಮಾತು ಬಿಟ್ಟರು. ಸೋಮವಾರ ಎಲ್‌ಎಲ್‌ಗೆ ಅರ್ಜಿ ಹಾಕುತ್ತೇನೆ. ಅಲ್ಲಿಯವರೆಗೆ ಅಣ್ಣನ ಬೈಕು, ನಮ್ಮ ಕಣ.